ಶುಂಠಿ ಕಿಟ್: ಚೀಲಕ್ಕೆ ಪೂರ್ತಿ ಅಂಕ, ಮಣ್ಣಿಗೆ ಒಂದೂ ಇಲ್ಲ

ಏಪ್ರಿಲ್ ಕೊನೆಯಲ್ಲಿ ಆನ್‌ಲೈನ್‌ನಲ್ಲಿ ಶುಂಠಿ ಬೆಳೆಸುವ ಕಿಟ್ ತರಿಸಿದ್ದೆ. 649 ರೂಪಾಯಿ. ಎರಡು ಗ್ರೋ ಬ್ಯಾಗ್, ಮಣ್ಣಿನ ಮಿಶ್ರಣ, ಆರು ತುಂಡು ಬಿತ್ತನೆ ಶುಂಠಿ, ಒಂದು ಪೊಟ್ಟಣ ಬೇವಿನ ಹಿಂಡಿ. ಮೈಸೂರಿನ ನಮ್ಮನೆ ತಾರಸಿಯಲ್ಲಿ ಬೆಳೆಸಿ, ಡಿಸೆಂಬರ್‌ನಲ್ಲಿ ಕಿತ್ತಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಚೀಲ ನಿಜಕ್ಕೂ ಚೆನ್ನಾಗಿದೆ. 15 ಇಂಚು ಅಗಲ, 9 ಇಂಚು ಎತ್ತರ. ಶುಂಠಿ ಕೆಳಗೆ ಇಳಿಯುವುದಿಲ್ಲ, ಪಕ್ಕಕ್ಕೆ ಹರಡುತ್ತದೆ, ಹಾಗಾಗಿ ಎತ್ತರದ ಕುಂಡಕ್ಕಿಂತ ಇಂಥದ್ದೇ ಬೇಕು. ಎಂಟು ತಿಂಗಳ ಬಿಸಿಲು ಮಳೆಗೆ ಒಂದು ಹೊಲಿಗೆಯೂ ಬಿಟ್ಟಿಲ್ಲ.

ಬಿತ್ತನೆ ಶುಂಠಿ ಮಾತ್ರ ಬೇಜಾರು ತರಿಸಿತು. ರೈತರು 20–25 ಗ್ರಾಂ ತೂಕದ, ಒಂದೆರಡು ಕಣ್ಣಿರುವ (ಮೊಳಕೆ ಬರುವ ಮೊಗ್ಗು) ತುಂಡು ನೆಡುತ್ತಾರೆ. ಇವರು ಕಳಿಸಿದ್ದು ಅದರ ಅರ್ಧವೂ ಇರಲಿಲ್ಲ, ಮೂರು ತುಂಡಿಗೆ ಕಣ್ಣೇ ಇಲ್ಲ. ಕಣ್ಣಿದ್ದ ಮೂರನ್ನು ಒಂದು ಚೀಲಕ್ಕೆ ಅವರದ್ದೇ ಮಣ್ಣು ತುಂಬಿ ನೆಟ್ಟೆ. ಇನ್ನೊಂದಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಮೊಳಕೆ ಒಡೆದಿದ್ದ ಶುಂಠಿ ಆರಿಸಿ ತಂದು, ಮುರಿದು, ಗಾಯ ಒಣಗಲಿ ಅಂತ ಎರಡು ದಿನ ನೆರಳಲ್ಲಿಟ್ಟು, ಕೆಂಪು ಮಣ್ಣು ಮರಳು ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿ ನೆಟ್ಟೆ. ಎರಡಕ್ಕೂ ಮೇಲೆ ಒಣ ಎಲೆ ಹೊದಿಸಿದೆ.

ಜುಲೈ ಮಳೆ ಹಿಡಿದಾಗ ವ್ಯತ್ಯಾಸ ಗೊತ್ತಾಯಿತು. ಅವರ ಮಿಶ್ರಣ ಬಹುಪಾಲು ತೆಂಗಿನ ನಾರಿನ ಪುಡಿ, ಹಿಂಡಿದರೆ ನೀರು ಸುರಿಯುತ್ತಿತ್ತು. ಮೊದಲು ಕೆಳಗಿನ ಎಲೆ ಹಳದಿಯಾದವು. ಒಂದು ದಿನ ಕಾಂಡ ಮುಟ್ಟಿದರೆ ಸುಮ್ನೆ ಕೈಗೇ ಬಂತು, ಬುಡ ಮೆತ್ತಗಾಗಿ ನಾರುತ್ತಿತ್ತು. ಕೊಳೆ ರೋಗ. ಇಡೀ ಚೀಲ ಹೋಯಿತು. ಪಕ್ಕದ ಚೀಲಕ್ಕೂ ಅದೇ ಮಳೆ, ಏನೂ ಆಗಲಿಲ್ಲ.

ಕಿಟ್ ಮಾರಿದವರಿಗೆ ಫೋಟೋ ಕಳಿಸಿದೆ. ನೀರು ಜಾಸ್ತಿ ಹಾಕಿದ್ದೀರಿ ಅಂದರು. ಮಳೆಗಾಲದಲ್ಲಿ ನೀರು ಹಾಕುವವರು ಯಾರು? ಆಮೇಲೆ ಹೊಸ ತುಂಡು ಕಳಿಸಿಕೊಟ್ಟರು, ಆದರೆ ಆಗಸ್ಟ್‌ನಲ್ಲಿ. ನೆಡುವ ಕಾಲ ಏಪ್ರಿಲ್–ಮೇ ಅಲ್ವಾ, ಶುಂಠಿ ಮಾರುವವರಿಗೆ ಇಷ್ಟಾದರೂ ಗೊತ್ತಿರಬೇಕು.

ಉಳಿದ ಚೀಲದಿಂದ ಅಕ್ಟೋಬರ್‌ನಲ್ಲೇ ಅಂಚಿನ ಮಣ್ಣು ಸರಿಸಿ ಒಂದು ಬೆರಳು ಎಳೆ ಶುಂಠಿ ಮುರಿದುಕೊಂಡೆ. ತುದಿ ನಸುಗೆಂಪು, ಸಿಪ್ಪೆ ಉಗುರಿಗೇ ಬರುತ್ತದೆ, ನಾರು ಇಲ್ಲವೇ ಇಲ್ಲ. ಅಮ್ಮ ಅವತ್ತೇ ತಂಬುಳಿ ಮಾಡಿದರು. ಡಿಸೆಂಬರ್‌ನಲ್ಲಿ ಎಲೆ ಒಣಗಿದ ಮೇಲೆ ಚೀಲ ಬಗ್ಗಿಸಿ ಸುರಿದರೆ ಮುಕ್ಕಾಲು ಕೆಜಿ ಸಿಕ್ಕಿತು, ಘಾಟು ಮೂಗಿಗೆ ಹೊಡೆಯುವಷ್ಟು.

ಕಿಟ್ ತಗೋಬೇಡಿ. ಬರೀ ಚೀಲವನ್ನೂ ಅವರು ಮಾರುತ್ತಾರೆ, ಜೋಡಿಗೆ 240 ರೂಪಾಯಿ. ನಾನು ಇನ್ನೂ ನಾಲ್ಕು ತರಿಸಿದ್ದೇನೆ, ಎರಡರಲ್ಲಿ ಈ ಸಲ ಮಾವಿನಕಾಯಿ ಶುಂಠಿ ಹಾಕುತ್ತೇನೆ.