ಬಂಡೆ, ಧೂಳು, ಬಿಸಿಲು: ಮೂರು ವರ್ಷ ದಾಟಿದ ನನ್ನ ಕ್ಯಾಮೆರಾ ಬ್ಯಾಗ್

ಕ್ಯಾಮೆರಾ ಬ್ಯಾಗ್‌ಗಳ ಬಗ್ಗೆ ಓದಲು ಹೋದರೆ ಹೆಚ್ಚಿನವು ಬ್ಯಾಗ್ ಕೈಗೆ ಬಂದ ವಾರದಲ್ಲೇ ಬರೆದವು. ಬಣ್ಣ ಚೆನ್ನಾಗಿದೆ, ಜೇಬು ಜಾಸ್ತಿ ಇವೆ, ಐದು ಸ್ಟಾರ್. ಸ್ವಲ್ಪ ಗಟ್ಟಿಯಾಗಿ ಬರೆದವರು ಲಡಾಖಿಗೋ ಹಿಮಾಚಲಕ್ಕೋ ಹೊತ್ತುಕೊಂಡು ಹೋಗಿರುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಾದ ಬಂಡೆಯ ಮೇಲೆ ಇಟ್ಟರೆ ಏನಾಗುತ್ತದೆ, ಅದಿರಿನ ಧೂಳು ಕುಡಿದ ಮೇಲೆ ಜಿಪ್ ಎಷ್ಟು ದಿನ ಬಾಳುತ್ತದೆ, ಇದನ್ನು ಯಾರೂ ಬರೆಯುವುದಿಲ್ಲ. ಅದಕ್ಕೇ ಇದು.

ನಾನಿರುವುದು ಗಂಗಾವತಿಯಲ್ಲಿ. ಕೆಲಸ ಫೋಟೋಗ್ರಫಿ. ಚಳಿಗಾಲದಲ್ಲಿ ಹಂಪಿಯ ಎದುರು ದಡದ ಆನೆಗೊಂದಿ, ಸಣಾಪುರದ ಬಂಡೆ ಹತ್ತುವವರ ಫೋಟೋ, ಮಳೆ ಬಿದ್ದ ಮೇಲೆ ಸಂಡೂರಿನ ಗುಡ್ಡ, ನಡುನಡುವೆ ಕರಡಿ, ತೋಳ, ಹಕ್ಕಿ ಅಂತ ಸುತ್ತುವವರ ಜೊತೆ ಓಡಾಟ. ಮತ್ತೆ ಮದುವೆ. ಮದುವೆ ಬಿಟ್ಟರೆ ನಮ್ಮ ಕಡೆ ಈ ಕೆಲಸದಲ್ಲಿ ಮನೆ ನಡೆಯುವುದಿಲ್ಲ. ಊಟ ಹಾಕುವುದು ಮದುವೆ, ಹೆಸರು ತರುವುದು ಬಂಡೆ. ಹಾಗಾಗಿ ಈ ಬ್ಯಾಗ್ ಕಲ್ಯಾಣ ಮಂಟಪವನ್ನೂ ಕಂಡಿದೆ. ಆದರೆ ಅಲ್ಲಿ ಅದಕ್ಕೆ ಯಾವ ಪರೀಕ್ಷೆಯೂ ಇಲ್ಲ. ಯಾರಾದರೂ ಮೇಲೆ ಪಾಯಸ ಚೆಲ್ಲಿದರೆ ಒರೆಸಬೇಕು, ಅಷ್ಟೇ.

ಬ್ಯಾಗ್ 30 ಲೀಟರಿನದು, ಬೆನ್ನ ಕಡೆಯಿಂದ ತೆರೆಯುವ ಮಾದರಿ. ಬೆಲೆ ಹದಿನೈದು ಸಾವಿರದ ಆಸುಪಾಸು. ಖಾಲಿ ಇದ್ದಾಗಲೇ ಎರಡು ಕಿಲೋ ಹತ್ತಿರ ತೂಗುತ್ತದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಮಾದರಿಯ ಬ್ಯಾಗ್ ಈಗ ಹಲವರು ಮಾಡುತ್ತಾರೆ, ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಎಲ್ಲಕ್ಕೂ ಹೊಂದುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಬೆನ್ನ ಕಡೆಯಿಂದ ತೆರೆಯುವುದೇ ಇದರ ದೊಡ್ಡ ಗುಣ. ಮಾಮೂಲಿ ಬ್ಯಾಗನ್ನು ತೆರೆಯಬೇಕಾದರೆ ಬೆನ್ನಿಗೆ ತಾಗುವ ಭಾಗವನ್ನು ನೆಲಕ್ಕೆ ಹಾಕಬೇಕು. ರಾಯಚೂರು ಕಡೆ ಮಳೆಗಾಲದಲ್ಲಿ ಎರೆ ಹೊಲದ ಬದುವಿನಲ್ಲಿ ಹಾಗೆ ಮಾಡಿ ನೋಡಿ. ಎರೆ ಮಣ್ಣು ಪಟ್ಟಿಗೆ ಮೆತ್ತಿಕೊಳ್ಳುತ್ತದೆ, ಪಟ್ಟಿಯಿಂದ ಅಂಗಿಗೆ, ಅಂಗಿಯಿಂದ ಬೈಕ್ ಸೀಟಿಗೆ. ಇದರಲ್ಲಿ ಮುಂಭಾಗ ಕೆಳಗೆ ಹೋಗುತ್ತದೆ, ಬೆನ್ನಿನ ಭಾಗ ಮೇಲೆ ತೆರೆದುಕೊಳ್ಳುತ್ತದೆ. ಕೊಳೆಯಾಗುವುದು ಹೊರಗಿನ ಬಟ್ಟೆ ಮಾತ್ರ, ಅದನ್ನು ಮನೆಗೆ ಬಂದು ಒಣಗಿದ ಮೇಲೆ ಕೊಡವಿದರೆ ಆಯಿತು.

ಇನ್ನೊಂದು ಉಪಯೋಗ ಬಂಡೆಯ ಮೇಲೆ ಗೊತ್ತಾಗುತ್ತದೆ. ಬೌಲ್ಡರಿಂಗ್ ಅಂದರೆ ಹಗ್ಗವಿಲ್ಲದೆ ಗಿಡ್ಡ ಬಂಡೆ ಹತ್ತುವುದು, ಕೆಳಗೆ ಬಿದ್ದರೆ ಅಂತ ಕ್ರ್ಯಾಶ್ ಪ್ಯಾಡ್ ಅನ್ನುವ ದಪ್ಪ ಮೆತ್ತೆ ಹಾಸಿರುತ್ತಾರೆ. ಕೆಳಗೆ ನಿಂತು ತೆಗೆದರೆ ಬರೀ ಬೆನ್ನು, ಚಪ್ಪೆ ಫೋಟೋ. ಮುಖ, ಬೆರಳು, ಅದರ ಹಿಂದೆ ಗದ್ದೆ, ಬಾಳೆ ತೋಟ, ತುಂಗಭದ್ರೆ ಎಲ್ಲ ಒಂದೇ ಚೌಕಟ್ಟಿಗೆ ಬರಬೇಕಾದರೆ ಎದುರಿನ ಬಂಡೆ ಹತ್ತಿ ಕೂರಬೇಕು. ಅಲ್ಲಿ ಬ್ಯಾಗ್ ಇಡುವಷ್ಟು ಮಟ್ಟಸ ಜಾಗ ಇರುವುದಿಲ್ಲ. ಆಗ ಹೆಗಲ ಪಟ್ಟಿ ಕಳಚಿ, ಸೊಂಟದ ಬೆಲ್ಟ್ ಮಾತ್ರ ಕಟ್ಟಿಕೊಂಡು, ಬ್ಯಾಗನ್ನು ಹೊಟ್ಟೆಯ ಮುಂದೆ ತಿರುಗಿಸಿಕೊಳ್ಳುತ್ತೇನೆ. ಬೆನ್ನಿನ ಬಾಗಿಲು ಈಗ ನನ್ನ ಎದೆಯ ಕಡೆ ಇರುತ್ತದೆ. ತೆರೆದರೆ ಲೆನ್ಸುಗಳೆಲ್ಲ ಕಣ್ಣೆದುರು. ದೂರದ್ದಕ್ಕೆ ಬಳಸುವ 70-200 ಲೆನ್ಸ್ ತೆಗೆದು ಅಗಲ ನೋಟದ 16-35 ಹಾಕುವಾಗ ಒಂದು ಕೈಯಲ್ಲಿ ಬಂಡೆ ಹಿಡಿದುಕೊಳ್ಳಬಹುದು. ಇದೊಂದಕ್ಕೇ ನಾನು ಈ ಬ್ಯಾಗಿನ ಬೇರೆ ತಪ್ಪುಗಳನ್ನು ಸಹಿಸಿಕೊಂಡಿದ್ದೇನೆ. ಆದರೆ ಬೆಲ್ಟಿನ ಬಕಲ್ ಸರಿಯಾಗಿ ಕೂತಿದೆಯಾ ಅಂತ ಎಳೆದು ನೋಡದೆ ಇದನ್ನು ಮಾಡಬೇಡಿ.

ಹತ್ತುವವರು ಬರುವುದು ನವೆಂಬರಿನಿಂದ ಫೆಬ್ರುವರಿವರೆಗೆ. ಬಿಸಿಲೇರಿದರೆ ಬೆರಳು ಬೆವರುತ್ತದೆ, ಕಲ್ಲಿನ ಹಿಡಿತ ತಪ್ಪುತ್ತದೆ. ಹಾಗಾಗಿ ಅವರು ಏಳುವುದು ಬೆಳಗಿನ ಜಾವ, ಮತ್ತೆ ಹೊರಡುವುದು ಇಳಿಹೊತ್ತಿಗೆ. ನಮಗೂ ಅದೇ ಬೆಳಕು ಬೇಕು, ಅಲ್ವಾ? ಮೊದಲು ಇವರಲ್ಲಿ ಬಹಳ ಜನ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡಿಯಲ್ಲಿ ಇಳಿದುಕೊಳ್ಳುತ್ತಿದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಅಲ್ಲಿನ ರೆಸಾರ್ಟ್‌ಗಳನ್ನು ತೆರವು ಮಾಡಿದ ಮೇಲೆ ಸಣಾಪುರ, ಆನೆಗೊಂದಿ ಕಡೆ ಉಳಿಯುವವರು ಹೆಚ್ಚಾದರು. ಗಂಗಾವತಿಯಿಂದ ಹೋಗುವ ನನಗೆ ಅದರಿಂದ ಅನುಕೂಲವೇ ಆಯಿತು.

ಇನ್ನು ಬಿಸಿಲು. ಇದರಲ್ಲಿ ಬ್ಯಾಗ್ ಸೋತಿತು ಅಂತಲೇ ಹೇಳಬೇಕು.

ನನ್ನದು ಕಪ್ಪು ಬಣ್ಣ. ಬೂದು ಬಣ್ಣದ್ದೂ ಸಿಗುತ್ತಿತ್ತು, ಆ ವಾರ ಸ್ಟಾಕ್ ಇರಲಿಲ್ಲ. ನಮ್ಮ ಕಡೆಯವರು ಯಾರಾದರೂ ಕೊಳ್ಳುವುದಾದರೆ ಬೂದು ಬರುವವರೆಗೂ ಕಾಯಿರಿ. ಕ್ಯಾಮೆರಾದ ಕೈಪಿಡಿ ತೆಗೆದು ನೋಡಿದರೆ ಸಾಮಾನ್ಯವಾಗಿ 40 ಡಿಗ್ರಿವರೆಗೆ ಬಳಸಿ ಅಂತಿರುತ್ತದೆ. ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್, ಮೇ ತಿಂಗಳ ನೆರಳೇ ಅಷ್ಟು ಮುಟ್ಟುತ್ತದೆ. ಬಿಸಿಲಲ್ಲಿ ಕಾದ ಬಂಡೆಯ ಮೇಲಿಟ್ಟ ಕಪ್ಪು ಬ್ಯಾಗಿನ ಒಳಗೆ ಎಷ್ಟಿರಬಹುದು, ನೀವೇ ಲೆಕ್ಕ ಹಾಕಿ. ಬಾಗಿಲು ತೆರೆದರೆ ರೊಟ್ಟಿ ಹಂಚಿನ ಮುಂದೆ ಕೂತ ಹಾಗೆ ಮುಖಕ್ಕೆ ಬಿಸಿ ಹೊಡೆಯುತ್ತದೆ. ದಪ್ಪ ಫೋಮ್ ಇದೆ, ಒಳ್ಳೆಯದೇ, ಪೆಟ್ಟಿನಿಂದ ಕಾಪಾಡುತ್ತದೆ. ಆದರೆ ಒಮ್ಮೆ ಒಳಗೆ ಹೋದ ಬಿಸಿಯನ್ನೂ ಅದು ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಸಂಜೆ ಗಾಳಿ ತಂಪಾದ ಮೇಲೂ ಬ್ಯಾಟರಿ ಮುಟ್ಟಿದರೆ ಬೆಚ್ಚಗಿರುತ್ತದೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ಹೊಲಕ್ಕೆ ಹೋಗುವವರು ಹೆಗಲ ಮೇಲೆ ಹಾಕುವ ಬಿಳಿ ಟವೆಲ್ ಎರಡು. ಒಂದನ್ನು ಮಡಚಿ ಬ್ಯಾಗಿನ ಅಡಿಗೆ, ಇನ್ನೊಂದು ಮೇಲೆ. ಬಂಡೆಯ ಕಾವು ನೇರ ತಾಗುವುದಿಲ್ಲ, ಬಿಸಿಲೂ ನೇರ ಬೀಳುವುದಿಲ್ಲ. ಬ್ಯಾಟರಿಗಳನ್ನು ಬ್ಯಾಗಿನ ಹೊರ ಜೇಬಿನಲ್ಲಿ ಇಡಲೇಬೇಡಿ, ಜೇಬು ಇರುವುದೇ ಅದಕ್ಕೆ ಅಂತ ಕಂಪನಿ ಚಿತ್ರ ಬರೆದು ತೋರಿಸಿದ್ದರೂ ಸರಿ. ಲೆನ್ಸುಗಳ ನಡುವೆ, ಮಧ್ಯದ ಗೂಡಿನಲ್ಲಿ ಇಡಿ.

ಬೆವರಿನ ವಿಷಯದಲ್ಲಿ ಮಾತ್ರ ಬ್ಯಾಗಿಗೆ ಪೂರ್ತಿ ಅಂಕ. ಬೆನ್ನಿನ ಬಾಗಿಲ ಆಚೆ ಬದಿ ನನ್ನ ಬೆನ್ನು, ಈಚೆ ಬದಿ ಕ್ಯಾಮೆರಾ. ಹಿರೇಬೆಣಕಲ್ ಗುಡ್ಡ ಹತ್ತಿದ ದಿನ ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರಿದ್ದೆ. ಅಲ್ಲಿ ವಾಹನ ಹೋಗುವುದಿಲ್ಲ, ಊರಿನಿಂದ ಕಲ್ಲು ಹಾದಿಯಲ್ಲಿ ನಡೆದೇ ಹತ್ತಬೇಕು. ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳಿವೆ, ನೂರಾರು. ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದ ಮನೆಗಳ ಹಾಗಿವೆ, ಕೆಲವುದರ ಗೋಡೆಯಲ್ಲಿ ದುಂಡನೆಯ ಕಿಂಡಿ. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆ ಕಿಂಡಿಯೊಳಗಿಂದ ಬೆಳಕು ಬರುವ ಹೊತ್ತು ಸ್ವಲ್ಪವೇ, ಅದಕ್ಕೆ ಬ್ಯಾಗ್ ಇಳಿಸಿದ ತಕ್ಷಣ ಕ್ಯಾಮೆರಾ ಕೈಗೆ ಬರಬೇಕು. ಬಂತು. ಪಟ್ಟಿಯ ಮೇಲೆ ಬಿಳಿ ಉಪ್ಪಿನ ಗೆರೆ ಕೂತಿತ್ತು, ಒಳಗೆ ಒಂದು ಹನಿ ಪಸೆ ಇಲ್ಲ.

ಇನ್ನು ಜಿಪ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಸಂಡೂರಿಗೆ ಬೈಕಿನಲ್ಲಿ ಹೋಗಿಬಂದವರಿಗೆ ಆ ಕೆಂಪು ಧೂಳು ಗೊತ್ತು. ಮಳೆ ಬಿದ್ದಾಗ ಅಲ್ಲಿನ ಗುಡ್ಡಗಳ ಹಸಿರು ನೋಡಬೇಕು, ಮಲೆನಾಡಿಗೆ ಹೋಗುವುದೇ ಬೇಡ ಅನಿಸುತ್ತದೆ. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ರೆಪ್ಪೆ ಕೂದಲೂ ಕೆಂಪು. ಇದು ಮಾಮೂಲಿ ರಸ್ತೆ ಧೂಳಲ್ಲ, ಕಬ್ಬಿಣದ ಅದಿರಿನ ಪುಡಿ, ಗಡಸು. ಜಿಪ್ಪಿನ ರನ್ನರ್ ಒಳಗೆ ಹೊಕ್ಕರೆ ಪ್ರತಿಸಲ ಎಳೆದಾಗಲೂ ಉಜ್ಜುತ್ತದೆ. ಎರಡನೇ ವರ್ಷದ ಕೊನೆಗೆ ಜಿಪ್ ಎಳೆದರೆ ಮುಂದೆ ಮುಚ್ಚುತ್ತಿತ್ತು, ಹಿಂದೆ ತಾನಾಗಿ ಬಾಯಿ ಬಿಡುತ್ತಿತ್ತು. ಕ್ಯಾಮೆರಾ ಬ್ಯಾಗಿಗೆ ಇದಕ್ಕಿಂತ ಕೆಟ್ಟ ರೋಗ ಇಲ್ಲ.

ಕಂಪನಿಗೆ ಬರೆದೆ. ಜೀವಮಾನ ವಾರಂಟಿ ಅಂತ ಬ್ಯಾಗಿನ ಚೀಟಿಯಲ್ಲೇ ಅಚ್ಚು ಹಾಕಿದ್ದರು. ಉತ್ತರ ಬಂತು: ಸವೆತ ವಾರಂಟಿಯಲ್ಲಿ ಬರುವುದಿಲ್ಲ, ನನ್ನ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಿದರೆ ನೋಡಿ ಹೇಳುತ್ತಾರಂತೆ, ಎಷ್ಟು ದಿನ ಅಂತ ಹೇಳಲಾಗದು. ಅದು ಮಾಘದ ಮದುವೆ ಸೀಸನ್, ಮೇಲಿಂದ ಹತ್ತುವವರ ಸೀಸನ್. ಯಾರಿಗೆ ಪುರುಸೊತ್ತು?

ಗಂಗಾವತಿಯಲ್ಲೇ ಬ್ಯಾಗ್ ರಿಪೇರಿ ಮಾಡುವ ಒಬ್ಬ ಚಾಚಾ ಇದ್ದಾರೆ. ಬ್ಯಾಗನ್ನು ತೊಡೆ ಮೇಲೆ ಹಾಕಿಕೊಂಡು ಜಿಪ್ಪಿನ ಮೇಲೆ ಉಗುರಾಡಿಸಿ ನೋಡಿದರು. "ಚೈನಿಗೆ ಏನೂ ಆಗಿಲ್ಲ ತಮ್ಮಾ. ಹಲ್ಲು ಗಟ್ಟಿ ಅದಾವ. ರನ್ನರ್ ಸವದೈತಿ, ಅಷ್ಟ" ಅಂದರು. ಇಕ್ಕಳದಿಂದ ಒತ್ತಿಕೊಡಿ ಅಂದೆ. ಒತ್ತಿದರೆ ಎರಡು ವಾರ ನಡೆಯುತ್ತದೆ, ಆಮೇಲೆ ಹಲ್ಲನ್ನೂ ತಿನ್ನುತ್ತದೆ ಅಂತ ಬೈದರು. ತುದಿಯ ಹೊಲಿಗೆ ಬಿಚ್ಚಿ, ಹಳೆಯ ರನ್ನರ್ ಜಾರಿಸಿ ತೆಗೆದು, ಅದೇ ಅಳತೆಯ ಹೊಸದು ಏರಿಸಿ, ಮತ್ತೆ ಹೊಲಿದರು. ನಾನು ಪಕ್ಕದಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಎರಡು ರನ್ನರಿಗೆ ಸೇರಿ ನೂರೈವತ್ತು ರೂಪಾಯಿ. ಅಲ್ಲಿಂದ ಇಲ್ಲಿವರೆಗೆ ತಕರಾರಿಲ್ಲ. ಹಳೆಯ ಟೂತ್‌ಬ್ರಷ್‌ನಿಂದ ಹಲ್ಲುಗಳನ್ನು ಒಣಗಿದಂತೆಯೇ ಉಜ್ಜಿ, ತೆಳ್ಳಗೆ ಮೇಣದ ಬತ್ತಿ ಸವರುವುದು ಅವರೇ ಹೇಳಿಕೊಟ್ಟದ್ದು. ಎಣ್ಣೆ ಮಾತ್ರ ಬೇಡ, ಅದಿರಿನ ಪುಡಿ ಎಣ್ಣೆಗೆ ಕಲಸಿಕೊಂಡು ಇನ್ನೂ ಜೋರಾಗಿ ಅರೆಯುತ್ತದೆ.

ಬಟ್ಟೆ ಗಟ್ಟಿ. ಬಳ್ಳಾರಿ ಜಾಲಿಯ ಮುಳ್ಳು ಗೀರಿದೆ, ಹರಿದಿಲ್ಲ. ಪಕ್ಕದ ನೀರಿನ ಬಾಟಲಿಯ ಬಲೆ ಜೇಬು ಮಾತ್ರ ಮೊದಲ ವರ್ಷವೇ ಜಾಲಿಗೆ ಬಲಿಯಾಯಿತು. ಈ ಬಲೆ ಜೇಬು ಮಾಡುವವರು ನಮ್ಮ ಕಡೆ ಒಮ್ಮೆ ಬಂದು ನಡೆದಾಡಬೇಕು. ಒಳಗಿನ ಗೂಡುಗಳ ವೆಲ್ಕ್ರೋಗೆ ಉತ್ತರಾಣಿ ಬೀಜ ಮೆತ್ತಿಕೊಂಡರೆ ಕೂತು ಒಂದೊಂದೇ ಕೀಳಬೇಕು. ಬಿಟ್ಟರೆ ಹಿಡಿತ ಹೋಗಿ ಗೂಡುಗಳು ವಾಲುತ್ತವೆ.

ಮಳೆ ಕವರ್ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ. ಇಲ್ಲಿ ಮಳೆ ಜೋರು ಬರುವುದು ಸೆಪ್ಟೆಂಬರಿನಲ್ಲಿ, ಉಳಿದ ತಿಂಗಳು ಕವರ್ ಇದ್ದದ್ದೇ ಮರೆತುಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನೀರು ನೋಡಲು ಎಲ್ಲರೂ ಮುನಿರಾಬಾದ್ ಕಡೆ ಓಡಿದರು, ನಾನೂ ಹೋದೆ. ನದಿಯ ಕೆಳಗಡೆ ದೂರದಲ್ಲಿ ನಿಂತರೂ ಗಾಳಿಯಲ್ಲಿ ತುಂತುರು. ಕವರ್ ಹಾಕಿದ ಬ್ಯಾಗ್ ಒಳಗೆ ಒಣಗಿತ್ತು, ಭಲೇ ಅನಿಸಿತು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ವಾರದೊಳಗೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲು ಇಳಿಸುವ ಉಕ್ಕಿನ ತಡೆಗಳನ್ನು, ಇಳಿಸಿ ನೀರು ತಡೆಯಿತು. ನನ್ನ ಕವರ್ ಅಷ್ಟು ಬಾಳಿಕೆ ತೋರಿಸಲಿಲ್ಲ. ಮುಂದಿನ ಬೇಸಿಗೆ ಮುಗಿದ ಮೇಲೆ ತೆಗೆದು ನೋಡಿದರೆ ಮಡಿಕೆಗಳು ಒಂದಕ್ಕೊಂದು ಅಂಟಿದ್ದವು. ಒಳಗಿನ ನೀರು ತಡೆಯುವ ಪಾಲಿಯುರೆಥೇನ್ ಲೇಪ ಬಿಸಿ ಮತ್ತು ಪಸೆಗೆ ಹಾಳಾಗಿ, ಬಿಡಿಸಿದಾಗ ಸಿಪ್ಪೆ ಎದ್ದು ಪುಡಿಯಾಗಿ ಉದುರಿತು. ಈ ಲೇಪದ ಸ್ವಭಾವವೇ ಅದು, ಯಾವ ಕಂಪನಿಯದಾದರೂ. ಕವರ್ ಒದ್ದೆಯಾದರೆ ನೆರಳಲ್ಲಿ ಪೂರ್ತಿ ಒಣಗಿಸಿ, ಮಡಚದೆ ನೇತುಹಾಕಿ. ಬ್ಯಾಗಿನ ಅಡಿಯ ಪುಟ್ಟ ಜೇಬಿಗೆ ತುರುಕಿ ಮರೆತರೆ ಮುಗಿಯಿತು. ನಾನೀಗ ಇಟ್ಟುಕೊಂಡಿರುವುದು ದಪ್ಪ ಪ್ಲಾಸ್ಟಿಕ್ ಚೀಲ. ನಾರಾಯಣಪೇಟೆ ಸೀರೆ ಕೊಂಡಾಗ ಮನೆಗೆ ಬಂದದ್ದು. ಸಣಾಪುರದಲ್ಲಿ ಹರಿಗೋಲು ಹತ್ತುವಾಗಲೂ ಇಡೀ ಬ್ಯಾಗ್ ಅದರೊಳಗೆ.

ಯಾರು ಕೊಳ್ಳಬಾರದು ಅಂತಲೂ ಹೇಳುತ್ತೇನೆ. ದರೋಜಿ ಕರಡಿಧಾಮಕ್ಕೆ ಹೋಗಿ ವೀಕ್ಷಣಾ ಗೋಪುರದಲ್ಲಿ ಸಂಜೆವರೆಗೆ ಕೂರುವವರಿಗೆ, ಕಾರಿನ ಪಕ್ಕದಲ್ಲೇ ನಿಂತು ಹಕ್ಕಿ ತೆಗೆಯುವವರಿಗೆ ಇದು ದಂಡ. ಎರಡು ಕಿಲೋ ತೂಗುವ 150-600 ಲೆನ್ಸ್ ಕ್ಯಾಮೆರಾಕ್ಕೆ ಹಾಕಿದ ಸ್ಥಿತಿಯಲ್ಲಿ ಇದರಲ್ಲಿ ಹಿಡಿಯುವುದಿಲ್ಲ, ಬಿಚ್ಚಿಯೇ ಇಡಬೇಕು. ನೀವು ಬಿಚ್ಚಿ ಜೋಡಿಸುವವರೆಗೆ ಕರಡಿ ಕಾಯುತ್ತಾ? ಅವರಿಗೆ ಉದ್ದನೆಯ, ಮೇಲಿನಿಂದ ತೆರೆಯುವ ಚೀಲ ಸಾಕು, ಅರ್ಧ ಬೆಲೆಗೆ ಬರುತ್ತದೆ. ಬಸ್ಸಿನಲ್ಲೇ ಓಡಾಡುವವರೂ ಯೋಚಿಸಿ. ಕೆಂಪು ಬಸ್ಸಿನ ಮೇಲಿನ ಕ್ಯಾರಿಯರ್‌ಗೆ ಇದು ಹಿಡಿಯುವುದಿಲ್ಲ, ತೊಡೆ ಮೇಲೆ ಇಟ್ಟುಕೊಂಡರೆ ರಾಯಚೂರು ತಲುಪುವಷ್ಟರಲ್ಲಿ ಕಾಲು ಜೋಮು ಹಿಡಿದಿರುತ್ತದೆ.

ಗುಡ್ಡ ಹತ್ತಿ, ಇಕ್ಕಟ್ಟಿನಲ್ಲಿ ಕೂತು ಲೆನ್ಸ್ ಬದಲಿಸುವ ಕೆಲಸ ನಿಮ್ಮದಾದರೆ ಕೊಳ್ಳಿ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ನಿಮ್ಮ ಸಾಮಾನು ತುಂಬಿಸಿ, ಸೊಂಟದ ಬೆಲ್ಟ್ ಕಟ್ಟಿ, ಬ್ಯಾಗನ್ನು ಮುಂದಕ್ಕೆ ತಿರುಗಿಸಿ ನೋಡಿ. ಸೊಂಟ ತೀರಾ ಸಣ್ಣ ಇದ್ದವರಿಗೆ ಬೆಲ್ಟ್ ಪೂರ್ತಿ ಬಿಗಿದರೂ ಸಡಿಲ ಉಳಿಯುತ್ತದೆ. ನನ್ನ ಜೊತೆ ಬರುವ ಹುಡುಗನಿಗೆ ಹಾಗೇ ಆಗಿ, ಕೊನೆಗೆ ಅದೇ ಚಾಚಾ ಬೆಲ್ಟ್ ಕತ್ತರಿಸಿ ಗಿಡ್ಡ ಮಾಡಿಕೊಟ್ಟರು.

ಐದಕ್ಕೆ ಮೂರೂವರೆ. ಅದರಲ್ಲಿ ಅರ್ಧ ಅಂಕ ಚಾಚಾರದ್ದು.