ಸಿರಿಂಜ್, ಪೆನ್, ಪಂಪ್: ಏಳು ವರ್ಷದ ಕೈಗೆ ಯಾವುದು ಒಗ್ಗುತ್ತದೆ?

ಮೊದಲೇ ಹೇಳಿಬಿಡುತ್ತೇನೆ, ಮಗಳಿಗೆ ಇನ್ಸುಲಿನ್ ಕೊಡಲು ನನ್ನ ಓಟು ಅರ್ಧರ್ಧ ಯೂನಿಟ್ ಅಳೆಯುವ ಇನ್ಸುಲಿನ್ ಪೆನ್ನಿಗೆ.

ಮಗಳಿಗೆ ಟೈಪ್ 1 ಡಯಾಬಿಟಿಸ್. ಜೊತೆಗೆ ಗೋಧಿ ಆಗದ ಸೀಲಿಯಾಕ್ ಕಾಯಿಲೆಯೂ ಇದೆ. ಮೂರು ಊಟಕ್ಕೆ ಮೂರು, ರಾತ್ರಿಗೊಂದು, ಹೀಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಯಾವುದರಲ್ಲಿ ಶುಗರ್ ಹೆಚ್ಚು ಹತೋಟಿಗೆ ಬರುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ನಾನು ನೋಡಿದ್ದು ಒಂದೇ, ಈ ಕೆಲಸದಲ್ಲಿ ಎಷ್ಟನ್ನು ಅವಳೇ ಮಾಡಿಕೊಳ್ಳಬಹುದು ಅಂತ.

ಸಿರಿಂಜ್ ಎಲ್ಲಕ್ಕಿಂತ ಅಗ್ಗ. ನಾವು ಶುರು ಮಾಡಿದ್ದೂ ಅದರಲ್ಲೇ. ಆದರೆ ಅದರ ಮುಚ್ಚಳದ ಬಣ್ಣ ನನ್ನ ನಿದ್ದೆ ಕೆಡಿಸಿತು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಬಗೆಯ ಗಟ್ಟಿಯಲ್ಲಿ ಸಿಗುತ್ತದೆ. ಹಳೆಯ ಬಗೆಯ ಬಾಟಲಿಗಳಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ನಿನೊಳಗೆ ಕೂರಿಸುವ ಇನ್ಸುಲಿನ್ ಶೀಶೆ, ಅಂದರೆ ಕಾರ್ಟ್ರಿಜ್‌ನಲ್ಲಿ, ಹೊಸ ಬಗೆಯ ಕೆಲವು ಬಾಟಲಿಗಳಲ್ಲಿ 100. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದಕ್ಕೆ ಕಿತ್ತಳೆ ಬಣ್ಣದ್ದು.

ನಮ್ಮದು 100ರ ಬಾಟಲಿ. ಒಮ್ಮೆ ರಾಯಚೂರಿನ ಮೆಡಿಕಲ್ ಶಾಪೊಂದರಲ್ಲಿ ಕೆಂಪು ಮುಚ್ಚಳದವನ್ನು ಕಟ್ಟಿಕೊಟ್ಟರು. ಕೇಳಿದರೆ, "ಎಲ್ಲಾ ಒಂದ ಐತ್ರಿ ಅಕ್ಕಾರ, ಒಯ್ರಿ" ಅಂದರು. ಖಂಡಿತ ಒಂದೇ ಅಲ್ಲ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 4ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 10 ಯೂನಿಟ್. ಎರಡೂವರೆ ಪಟ್ಟು! ಸಣ್ಣ ಮಗುವಿಗೆ ಅಷ್ಟು ಹೋದರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಅಲ್ಲೇ ವಾಪಸ್ ಕೊಟ್ಟು ಬಂದೆ. ಆದರೆ ಪ್ರತಿ ಸಲ ಅಂಗಡಿಗೆ ನಾನೇ ಹೋಗುತ್ತೇನಾ? ಅವಳ ಅಪ್ಪ ತರಬಹುದು, ಅಜ್ಜ ತರಬಹುದು.

ಇನ್ನು ಗೆರೆಗಳು. ನಮಗೆ ಸಿಗುತ್ತಿದ್ದ ಒಂದು ಎಂಎಲ್‌ನ ಕಿತ್ತಳೆ ಸಿರಿಂಜಿನಲ್ಲಿ ಒಂದೊಂದು ಗೆರೆಗೆ 2 ಯೂನಿಟ್. ಮಗಳಿಗೆ ಬೇಕಿರುವುದು ಮೂರೂವರೆ. ಅದನ್ನು ಅಂದಾಜಿನಲ್ಲಿ ಎಳೆಯಬೇಕು. ಅರ್ಧ ಯೂನಿಟ್ ಗೆರೆಯ ಸಣ್ಣ ಸಿರಿಂಜುಗಳೂ ಇವೆ, ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಗಾಳಿಗುಳ್ಳೆ ತಟ್ಟಿ ತೆಗೆಯುವುದು, ಗೆರೆ ಓದುವುದು, ಎಲ್ಲಾ ದೊಡ್ಡವರ ಕೆಲಸವೇ. ಅವಳ ಪಾಲಿಗೆ ಉಳಿದದ್ದು ಇವತ್ತು ಹೊಟ್ಟೆಯಾ ತೊಡೆಯಾ ಅಂತ ಹೇಳುವುದಷ್ಟೇ.

ಪೆನ್ನು ಬಂದ ಮೇಲೆ ಇದೆಲ್ಲ ಬದಲಾಯಿತು. ಹಿಂದಿನ ಗುಂಡಿ ತಿರುಗಿಸಿದರೆ ಅರ್ಧ ಯೂನಿಟ್‌ಗೊಂದು ಟಿಕ್. ಕಿಟಕಿಯಲ್ಲಿ ಅಂಕಿ ಕಾಣುತ್ತದೆ. ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು, ಸೂಜಿಯ ತುದಿಯಲ್ಲಿ ಹನಿ ಬಂತಾ ಅಂತ ಅವಳೇ ನೋಡುತ್ತಾಳೆ. ಆಮೇಲೆ ತಿರುಗಿಸಿ, "ಅವ್ವಾ, ನೋಡು, ಮೂರೂವರಿ" ಅಂತ ತೋರಿಸುತ್ತಾಳೆ. ನಾನು ಹೂಂ ಅನ್ನದೆ ಚುಚ್ಚುವ ಹಾಗಿಲ್ಲ. ಚುಚ್ಚಿ, ಒತ್ತಿ, ಹತ್ತರವರೆಗೆ ಎಣಿಸಿ ತೆಗೆಯುತ್ತಾಳೆ. ಸೂಜಿ ಬರೀ 4 ಎಂಎಂ. ಹೆದರಿಕೆ ಬೇಗ ಹೋಯಿತು.

ಪೆನ್ನಿನಲ್ಲೂ ತೊಂದರೆ ಇದೆ. ಗಾಳಿಗೆ ಬಿಡುವ ಆ 2 ಯೂನಿಟ್ ದೊಡ್ಡವರಿಗೆ ಲೆಕ್ಕಕ್ಕಿಲ್ಲ. ಮೂರೂವರೆ ಯೂನಿಟ್ ತೆಗೆದುಕೊಳ್ಳುವ ಮಗುವಿಗೆ ಅದು ಅರ್ಧಕ್ಕಿಂತ ಜಾಸ್ತಿ. ಒಂದು ಕಂಪನಿಯ ಪೆನ್ನಿಗೆ ಇನ್ನೊಂದರ ಕಾರ್ಟ್ರಿಜ್ ಕೂರುವುದಿಲ್ಲ, ಹಾಗಾಗಿ ಒಂದು ಮುಂಚಿತವಾಗಿ ತಂದಿಡಲೇಬೇಕು. ಊಟದ ಪೆನ್ನು, ರಾತ್ರಿ ಪೆನ್ನು ಬೇರೆ ಬೇರೆ ಬಣ್ಣದ್ದೇ ಇರಲಿ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಬಳಕೆಯಲ್ಲಿರುವ ಪೆನ್ನು 30ರ ಒಳಗಿರಬೇಕು. ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಡಬ್ಬಿ ಇಟ್ಟು ಅದರಲ್ಲಿ ಇಡುತ್ತೇವೆ.

ಶಾಲೆಯವರು ಮೊದಲು ಸೂಜಿ ತರಲೇಬಾರದು ಅಂದಿದ್ದರು. 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೆ ಪತ್ರ ಬರೆದು, ಟೈಪ್ 1 ಮಕ್ಕಳು ಡಾಕ್ಟರು ಹೇಳಿದಂತೆ ತರಗತಿಯಲ್ಲೇ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಬಿಡಬೇಕು ಅಂದಿದೆ. ಅದನ್ನು ತೋರಿಸಿದೆ, ಪೆನ್ನನ್ನೂ ತೋರಿಸಿದೆ. ಈಗ ಜೋಳದ ರೊಟ್ಟಿ ಡಬ್ಬಿ ತೆಗೆಯುವ ಮುಂಚೆ ಟೀಚರ್ ಕಿಟಕಿಯ ಅಂಕಿ ನೋಡುತ್ತಾರೆ, ಅವಳು ಒತ್ತುತ್ತಾಳೆ. ಸಿರಿಂಜಿನ ಗೆರೆ ನೋಡಿ ಅಂದಿದ್ದರೆ ಯಾವ ಟೀಚರೂ ಒಪ್ಪುತ್ತಿರಲಿಲ್ಲ.

ಪಂಪ್ ಅಂದರೆ ಚರ್ಮದಡಿ ಕೂರಿಸಿದ ಸಣ್ಣ ಕೊಳವೆಯಿಂದ ದಿನವಿಡೀ ಇನ್ಸುಲಿನ್ ಹರಿಸುವ ಯಂತ್ರ. ಅದನ್ನೂ ಡಾಕ್ಟರ ಮೂಲಕ ಕೆಲವು ದಿನ ಹಾಕಿ ನೋಡಿದೆವು. ಒಳ್ಳೆಯ ಯಂತ್ರ, ಸುಳ್ಳು ಹೇಳುವುದಿಲ್ಲ. ಅರ್ಧ ಯೂನಿಟ್‌ಗಿಂತ ಎಷ್ಟೋ ಸಣ್ಣ ಅಳತೆ ಕೊಡುತ್ತದೆ, ಊಟಕ್ಕೊಮ್ಮೆ ಚುಚ್ಚಬೇಕಿಲ್ಲ. ಆದರೆ ಎರಡು ಮೂರು ದಿನಕ್ಕೊಮ್ಮೆ ಆ ಕೊಳವೆಯ ಸೆಟ್ ಬದಲಿಸುವ ಕೆಲಸ ಪೂರ್ತಿ ನನ್ನದು. ಅದರಲ್ಲಿರುವುದು ಬೇಗ ಕೆಲಸ ಮುಗಿಸುವ ಇನ್ಸುಲಿನ್ ಮಾತ್ರ. ಬೆವರಿಗೆ ಟೇಪು ಕಿತ್ತು ಕೊಳವೆ ಹೊರಬಂದರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರಿಕೊಳ್ಳುವ ಆಮ್ಲ) ಏರಲು ಶುರು. ಆಟದ ಬಯಲಲ್ಲಿ ಅದನ್ನು ಅವಳೊಬ್ಬಳೇ ಸಂಭಾಳಿಸಲಾರಳು. ಬೆಲೆಯಂತೂ ಲಕ್ಷಗಳ ಮಾತು, ತಿಂಗಳ ಸಾಮಾನಿನ ಖರ್ಚು ಬೇರೆ. ಹತ್ತಿರದಲ್ಲೇ ಪಂಪ್ ಬಲ್ಲ ಡಾಕ್ಟರಿದ್ದು, ಶಾಲೆಯಲ್ಲಿ ನರ್ಸ್ ಇದ್ದು, ದುಡ್ಡಿನ ಚಿಂತೆ ಇಲ್ಲದವರು ಕೊಳ್ಳಲಿ.

ನಮಗೆ ಪೆನ್ನೇ ಸಾಕು. ಎಷ್ಟು ಯೂನಿಟ್ ಅನ್ನುವ ತೀರ್ಮಾನ ಇನ್ನೂ ಹಲವು ವರ್ಷ ನಮ್ಮದೇ. ಕೈಯಲ್ಲಿ ಸ್ವಲ್ಪ ದುಡ್ಡು ಉಳಿದ ತಿಂಗಳು ಮೈಗೆ ಅಂಟಿಕೊಂಡೇ ಶುಗರ್ ತೋರಿಸುವ 14 ದಿನದ ಸೆನ್ಸರ್ ಹಾಕಿಸುತ್ತೇವೆ. ಅದರ ಬಾಣದ ಗುರುತು ಮೇಲಕ್ಕೆ ಹೋಗುತ್ತಿದೆಯಾ ಕೆಳಕ್ಕಾ ಅಂತ ಓದುವುದನ್ನು ಈಗ ಕಲಿಯುತ್ತಿದ್ದಾಳೆ.