2007ರ ಮಾರುತಿ 800: ಆರು ವರ್ಷ ಶೆಡ್ಡಿನಲ್ಲಿ, ಎರಡು ವರ್ಷ ರಸ್ತೆಯಲ್ಲಿ

ಕಾರು ಅಪ್ಪಯ್ಯನದು. 2007ರ ಜುಲೈನಲ್ಲಿ ರಿಜಿಸ್ಟ್ರೇಷನ್, ಕೆಎ-15, ಎಸಿ ಇಲ್ಲದ ಮಾಡೆಲ್, 796 ಸಿಸಿ, ಮೂರು ಸಿಲಿಂಡರ್. ಕಣ್ಣು ಮಂಜಾಯಿತೆಂದು ಅಪ್ಪಯ್ಯ 2017ರಲ್ಲಿ ಡ್ರೈವಿಂಗ್ ಬಿಟ್ಟರು. ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಿಗೆ ಕಾರು ಸೇರಿತು. 2019ರ ಆಗಸ್ಟ್ ಮಳೆಗೆ ಅಡಿಕೆ ಮರವೊಂದು ಶೆಡ್ಡಿನ ಸಮೇತ ಅದರ ಮೇಲೆ ಮಲಗಿತು. ಟಾಪ್ ತಗ್ಗಾಯಿತು, ಮುಂದಿನ ಗಾಜು ಒಡೆಯಿತು. ಆಮೇಲೆ ನಾಲ್ಕು ಮಳೆಗಾಲ ನೀರು ಒಳಗೇ ಇಳಿಯಿತು. ಗುಜರಿಯವನು 18 ಸಾವಿರಕ್ಕೆ ಕೇಳಿದ್ದ. ನಾನು ಕೊಡಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಎಬ್ಬಿಸುವ ಕೆಲಸಕ್ಕೆ ಕೈ ಹಾಕಿದೆ. ಈಗ ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲು ಕರೆಸಿದ ಮೆಕ್ಯಾನಿಕ್ ಬೇರೆ ಬ್ಯಾಟರಿ ತಂದು ಸಿಕ್ಕಿಸಿ ಸೀದಾ ಸೆಲ್ಫ್ ಹೊಡೆದ. ಟ್ಯಾಂಕಿನಲ್ಲಿ ಆರು ವರ್ಷದ ಪೆಟ್ರೋಲ್ ಇತ್ತು. ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆಯೇ ಇಲ್ಲ, ಹಳೇ ವಾರ್ನಿಷ್ ಡಬ್ಬಿ ತೆಗೆದ ಹಾಗೆ. ಇದು ಎಂಪಿಎಫ್ಐ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವ ಗಾಡಿ; ಇದರಲ್ಲಿ ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಮುಳುಗಿರುತ್ತದೆ. ಆ ಅಂಟಿನಲ್ಲಿ ಸಿಕ್ಕಿಕೊಂಡಿದ್ದ ಪಂಪ್ ಸುಟ್ಟೇ ಹೋಯಿತು. ಹೊಸದಕ್ಕೆ 2,800 ರೂಪಾಯಿ. ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದು ಬೇರೆ.

ಎರಡನೆಯ ಮೆಕ್ಯಾನಿಕ್ ಸಾಗರದವರು, ಅರವತ್ತರ ಹತ್ತಿರದ ವಯಸ್ಸು. ಬಂದವರೇ, "ಸೆಲ್ಫ್ ಮುಟ್ಟಬೇಡಿ ಮಾರಾಯ್ರೆ, ಇಲಿ ಎಲ್ಲೆಲ್ಲಿ ಸಂಸಾರ ಮಾಡಿದೆ ನೋಡುವ" ಎಂದರು. ಏರ್ ಕ್ಲೀನರ್ ಬಿಚ್ಚಿದರೆ ಅಡಿಕೆ ಸಿಪ್ಪೆ, ಅಮ್ಮನ ಹಳೇ ಸೀರೆಯ ಚೂರು, ಒಂದು ಬೊಗಸೆ ಹಿಕ್ಕೆ. ಇಂಜೆಕ್ಟರಿಗೆ ಹೋಗುವ ವೈರು ಎರಡು ಕಡೆ ತಾಮ್ರ ಕಾಣುವಷ್ಟು ಕಡಿದಿತ್ತು. ಮೂರು ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಹೊರಟುಬಿಟ್ಟರು. ಮಾರನೇ ದಿನ ಕ್ರ್ಯಾಂಕ್ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿದರು. ಸುಲಭವಾಗಿ ತಿರುಗಿತು, ಅಂದರೆ ಎಂಜಿನ್ ಜಾಮ್ ಆಗಿರಲಿಲ್ಲ. ಆಯಿಲ್, ಫಿಲ್ಟರ್, ಟೈಮಿಂಗ್ ಬೆಲ್ಟ್, ಪೆಟ್ರೋಲ್ ಹೋಸ್ ಎಲ್ಲ ಬದಲಿಸಿ, ಟ್ಯಾಂಕ್ ತೊಳೆದು, ಹೊಸ ಪಂಪ್ ಕೂರಿಸಿದ ಮೇಲೆ ಮೂರನೇ ಸೆಲ್ಫಿಗೆ ಎಂಜಿನ್ ಎದ್ದಿತು. ಎದ್ದು ಹತ್ತೇ ಸೆಕೆಂಡಿಗೆ ಉಸಿರು ಕಟ್ಟಿ ನಿಂತಿತು. ನೋಡಿದರೆ ಸೈಲೆನ್ಸರ್ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದೆ. ಕಡ್ಡಿಯಲ್ಲಿ ಕೆತ್ತಿ ತೆಗೆದು ಮತ್ತೆ ಸ್ಟಾರ್ಟ್ ಮಾಡಿದರೆ ಹಳೇ ಸದ್ದು ಬಂತು. ಅಪ್ಪಯ್ಯ ಜಗುಲಿಯಿಂದಲೇ "ಮೂರೂ ಹೊಡೀತಾ ಇದೆ" ಎಂದರು. ಕಣ್ಣು ಮಂಜಾದರೂ ಕಿವಿ ಚುರುಕು.

ಎಂಜಿನ್ ಎದ್ದ ಖುಷಿಗೆ ನಾನು ಅಂದೇ ಪೇಟೆಗೆ ಹೋಗಿ ಬರುವ ಲೆಕ್ಕ ಹಾಕಿದ್ದೆ. ಗೇರಿಗೆ ಹಾಕಿದರೆ ಕಾರು ಕದಲಲೇ ಇಲ್ಲ. ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆದಿಟ್ಟಿದ್ದೆವು. ಹಿಂದಿನ ಡ್ರಮ್ಮಿಗೆ ಸುತ್ತಲೂ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕಳಚಿದರೆ ಬ್ರೇಕ್ ಶೂ ಬಂತು, ಅದರ ಮೇಲೆ ಅಂಟಿಸಿರುವ ಲೈನಿಂಗ್ ಬರಲಿಲ್ಲ. ಅದು ಡ್ರಮ್ಮಿನ ತುಕ್ಕಿಗೆ ಅಂಟಿ ಅಲ್ಲೇ ಉಳಿದಿತ್ತು, ದೋಸೆ ಕಾವಲಿಗೆ ಹಿಡಿದ ಹಾಗೆ. ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಸಾಕು.

ಡ್ರಮ್ ಲೇತಿಗೆ ಕೊಟ್ಟು, ಹೊಸ ಶೂ, ಹೊಸ ವೀಲ್ ಸಿಲಿಂಡರ್, ಮುಂದಿನ ಕ್ಯಾಲಿಪರ್ ಕಿಟ್ ಹಾಕಿಸಿದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಬದಲಿಸುವ ಎಂದು ಮೆಕ್ಯಾನಿಕ್ ಎರಡು ಸಲ ಹೇಳಿದರು. ಬಿಲ್ ನೋಡಿ ನಾನೇ ಬೇಡ ಎಂದೆ. ಎಂಟು ತಿಂಗಳ ಮೇಲೆ ಹುಲಿಕಲ್ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ತಳ ಮುಟ್ಟಿತು. ಎರಡು ಸಲ ಪಂಪ್ ಮಾಡಿದರೆ ಸ್ವಲ್ಪ ಹಿಡಿಯುತ್ತದೆ, ಮತ್ತೆ ಇಳಿಯುತ್ತದೆ. ಮುಂದೆ ಸಿಮೆಂಟ್ ಲಾರಿ, ಪಕ್ಕದಲ್ಲಿ ಅಮ್ಮ. ಸೆಕೆಂಡ್ ಗೇರಿಗೆ, ಆಮೇಲೆ ಫಸ್ಟಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪ ಎಳೆದು ತಿರುವಿನ ಮೋರಿ ಹತ್ತಿರ ನಿಲ್ಲಿಸಿದೆ. ಅಮ್ಮನಿಗೆ ಎಂಜಿನ್ ಬಿಸಿಯಾಗಿದೆ ಎಂದು ಸುಳ್ಳು ಹೇಳಿದೆ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಹೋಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕಡೆಯ ಮಳೆಗೆ ಆರು ವರ್ಷ ನಿಂತರೆ ಸಿಲಿಂಡರಿನ ಒಳಗೋಡೆಯೂ ತುಕ್ಕು ತಿಂದಿರುತ್ತದೆ, ಹೊಸ ಆಯಿಲ್ ತುಂಬಿದರೆ ಅದು ಸರಿಹೋಗುವುದಿಲ್ಲ.

ಟಿಂಕರಿಂಗ್, ಪೇಂಟಿಂಗ್ ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನಲ್ಲಿ, 22 ಸಾವಿರ. ಟಾಪನ್ನು ಒಳಗಿನಿಂದ ಬಡಿದು ಎತ್ತಿದ್ದಾರೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಅಡಿಕೆ ಮರ ಬಿದ್ದ ಗೆರೆ ಈಗಲೂ ಕಾಣುತ್ತದೆ, ನನಗೇನೂ ಬೇಜಾರಿಲ್ಲ. ಬೇಜಾರಿರುವುದು ಫ್ಲೋರಿನ ಬಗ್ಗೆ. ಮ್ಯಾಟ್ ಎತ್ತಿದರೆ ಡ್ರೈವರ್ ಕಾಲಡಿಯಲ್ಲಿ ನೆಲ ಕಾಣುತ್ತಿತ್ತು. ಪ್ಯಾಚ್ ವೆಲ್ಡಿಂಗ್ ಮಾಡಿಸಿದ್ದು ಎರಡನೇ ಮಳೆಗಾಲಕ್ಕೇ ಅಂಚಿನಲ್ಲಿ ಮತ್ತೆ ಕೆಂಪಾಗಿದೆ. ಟೈರ್ ನೋಡಲು ಚೆನ್ನಾಗಿಯೇ ಇದ್ದವು. ಪಕ್ಕದ ಅಂಕಿ 1714, ಅಂದರೆ 2014ರ 17ನೇ ವಾರದ್ದು. ಒಂಬತ್ತು ವರ್ಷದ ರಬ್ಬರ್ ನಂಬುವ ಹಾಗಿಲ್ಲ ಎಂದು ನಾಲ್ಕನ್ನೂ ಬದಲಿಸಿದೆ.

ಕಾಗದಪತ್ರದ್ದು ಬೇರೆಯೇ ಕಥೆ. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ನನ್ನದು 2022ರ ಜುಲೈಗೆ ಮುಗಿದಿತ್ತು. ಆಗ ನವೀಕರಣಕ್ಕೆ 5,000, ತಡವಾದ ಪ್ರತಿ ತಿಂಗಳಿಗೆ 500, ಹದಿನಾರು ತಿಂಗಳಿಗೆ 8,000. ಮೇಲೆ ಹಸಿರು ತೆರಿಗೆ, ಎಮಿಷನ್ ಟೆಸ್ಟ್, ಥರ್ಡ್ ಪಾರ್ಟಿ ಇನ್ಶೂರೆನ್ಸ್ 2,094 ಮತ್ತು ಜಿಎಸ್‌ಟಿ. ಕಾರು ಓಡುವುದೇ ಇಲ್ಲವಲ್ಲ ಎಂದು ಆರ್‌ಸಿ ಮರೆತವರಿಗೆ ಮೀಟರ್ ಓಡುತ್ತಲೇ ಇರುತ್ತದೆ. ನವೀಕರಣ ಐದೇ ವರ್ಷಕ್ಕೆ, ಆಮೇಲೆ ಮತ್ತೆ ತಪಾಸಣೆ.

ಒಟ್ಟು ಖರ್ಚು 80 ಸಾವಿರದ ಹತ್ತಿರ. ಮಾರಿದರೆ ಅರ್ಧವೂ ಬರುವುದಿಲ್ಲ. ಕಂಪನಿ ಈ ಮಾಡೆಲ್ ತಯಾರಿಕೆಯನ್ನು 2014ರ ಜನವರಿಯಲ್ಲೇ ನಿಲ್ಲಿಸಿದ್ದರೂ ಸರ್ವಿಸ್ ಸಾಮಾನು ಸಾಗರದಲ್ಲೇ ಸಿಗುತ್ತದೆ. ಸಿಗದ ಕಿಟಕಿ ಬೀಡಿಂಗ್, ಡೋರ್ ಹಿಡಿಕೆಗೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕಾಯಿತು. ಮೈಲೇಜ್ ಮೊದಲ ವರ್ಷ 18 ಬರುತ್ತಿತ್ತು, ಈಗ ಬಂಕಿನಲ್ಲಿ ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ 16-17. ಎಥನಾಲ್‌ಗೆ ಹಳೇ ರಬ್ಬರ್ ಹೋಸ್ ಹಾಳಾಗಬಹುದು, ನನ್ನದರಲ್ಲಿ ಹೋಸ್ ಹೊಸದಾದ್ದರಿಂದ ಸೋರಿಕೆ ಇಲ್ಲ. ಏರಿನಲ್ಲಿ ನಾಲ್ಕು ಜನ ಕೂತರೆ ಸೆಕೆಂಡ್ ಗೇರ್ ಬಿಡುವ ಹಾಗಿಲ್ಲ, ಅದು ಹೊಸದಿದ್ದಾಗಲೂ ಹಾಗೇ. ತೋಟದ ಕೊನೆಯ ಇಕ್ಕಟ್ಟಿನ ತಿರುವಿನಲ್ಲಿ ತಮ್ಮನ ದೊಡ್ಡ ಕಾರು ಮೂರು ಸಲ ಹಿಂದೆ ಮುಂದೆ ಮಾಡುತ್ತದೆ, ಇದು ಒಂದೇ ಸಲಕ್ಕೆ ತಿರುಗುತ್ತದೆ.

ತುಕ್ಕು ಫ್ಲೋರಿಗಷ್ಟೇ ನಿಂತಿದ್ದರೆ ಯಾರಾದರೂ ಧೈರ್ಯ ಮಾಡಬಹುದು. ಸಸ್ಪೆನ್ಷನ್ ಕೂರುವ ಜಾಗ ಟೊಳ್ಳಾಗಿದ್ದರೆ ಗುಜರಿಗೆ ಕೊಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿದರೆ ಸದ್ದಿನಲ್ಲೇ ತಿಳಿಯುತ್ತದೆ.

ಮೊನ್ನೆ ತಂಗಿ ಮಗಳ ಮದುವೆಗೆಂದು ಹತ್ತು ದಿನ ಕಾರು ತೆಗೆದಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಿರಲಿಲ್ಲ, ಚಕ್ರಕ್ಕೆ ಕಲ್ಲು ಕೊಟ್ಟಿದ್ದೆ, ಬ್ಯಾಟರಿ ತಂತಿ ಬಿಚ್ಚಿಟ್ಟಿದ್ದೆ. ವಾಪಸ್ ಬಂದು ನೋಡಿದರೆ ಸೈಲೆನ್ಸರ್ ಬಾಯಲ್ಲಿ ಹಸಿ ಮಣ್ಣು. ಹುಳ ಅರ್ಧ ಗೋಡೆ ಎಬ್ಬಿಸಿತ್ತು.